ಸರಕಾರದ ರೂಪಾಯಿಗೆ ಊರಿನ ರೂಪಾಯಿ: ಕಣಗಿನಹಾಳದ ಸಿದ್ದನಗೌಡ ಪಾಟೀಲರು



ಮಿರಗದ ಮಳೆ ಹನಿಯಿಕ್ಕಿ ಕೂರಿಗೆ ಹೊಲಕ್ಕಿಳಿಯುವ ಹೊತ್ತಿಗೆ ನಿಮ್ಮಲ್ಲಿ ಬಹಳ ಮಂದಿ ಊರ ಸೊಸಾಯಿಟಿಯ ಮೆಟ್ಟಿಲು ಏರಿ ಇಳಿದಿರುತ್ತೀರಿ. ಬೆಳೆ ಸಾಲ, ಗೊಬ್ಬರ, ಬೆಳೆ ವಿಮೆ, ಹೀಗೆ ಒಂದಿಲ್ಲೊಂದು ಕೆಲಸ ಅಲ್ಲಿ ಇದ್ದೇ ಇರುತ್ತದೆ. ಬಡ್ಡಿಯ ಭಾರವನ್ನು ಸರಕಾರವೇ ಹೊತ್ತು ಕೊಡಿಸುವ ಸಾಲ ನಿಮ್ಮ ಕೈಗೆ ಬರುವುದು ಬಹುಪಾಲು ಈ ಸೊಸಾಯಿಟಿಯ ಕಿಡಕಿಯಿಂದಲೇ. ಆ ಕಿಡಕಿಯನ್ನು ನಮ್ಮ ನಾಡಿನಲ್ಲಿ ಮೊಟ್ಟಮೊದಲು ತೆರೆಸಿದವರು ದೂರದವರಲ್ಲ. ನಮ್ಮ ಹಳೆಯ ಧಾರವಾಡ ಜಿಲ್ಲೆಯವರೇ, ಗದಗಿನ ಹತ್ತಿರದ ಕಣಗಿನಹಾಳದವರು. ಅವರ ಹೆಸರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲ.

ಪ್ರತಿ ವರ್ಷ ನವೆಂಬರದಲ್ಲಿ ಸಹಕಾರಿ ಸಪ್ತಾಹ ಬರುತ್ತದೆ. ಆಗ ಸಿದ್ದನಗೌಡರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಸಹಕಾರಿ ಪಿತಾಮಹ ಎಂದು ಭಾಷಣಗಳಲ್ಲಿ ಅವರ ಹೆಸರು ಬರುತ್ತದೆ. ಹಾರ ಹಾಕುವುದು ಒಳ್ಳೆಯದೇ. ಆದರೆ ಅವರು ಮಾಡಿದ ಕೆಲಸ ಯಾವುದು, ಅದರ ಹಿಂದಿನ ಲೆಕ್ಕಾಚಾರ ಏನು ಎಂಬುದನ್ನು ನಾವು ತಿಳಿದುಕೊಂಡರೆ ಇಂದು ಸರಕಾರದಿಂದ ಬರುವ ದುಡ್ಡು ನಮ್ಮ ಊರಲ್ಲಿ ನಿಲ್ಲುತ್ತದೆಯೋ, ಸೋರಿ ಹೋಗುತ್ತದೆಯೋ ಎಂಬುದು ಅರ್ಥವಾಗುತ್ತದೆ. ಅದಕ್ಕಾಗಿ ಈ ವಾರ ಅವರ ಕಥೆ.

ಹತ್ತಿಯ ನಾಡಿನಲ್ಲಿ ಹುಟ್ಟಿದವರು

ಸಿದ್ದನಗೌಡರು ಹುಟ್ಟಿದ್ದು 1843ರಲ್ಲಿ, ಕಣಗಿನಹಾಳದ ಗೌಡಕಿಯ ಮನೆತನದಲ್ಲಿ. ಆಗ ಅದು ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆ. ಹಾನಗಲ್ಲ ತಾಲೂಕು ಅದೇ ಜಿಲ್ಲೆಯಲ್ಲಿತ್ತು. ಇಂದಿನ ಶಿಗ್ಗಾಂವಿ ಸೀಮೆ ಆಗ ಬಂಕಾಪುರ ತಾಲೂಕು, ಹಿರೇಕೆರೂರ ಸೀಮೆ ಕೋಡ ತಾಲೂಕು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿ ಬೇರೆ ಇತ್ತು. ಗದಗ ಮತ್ತು ಹಾವೇರಿ ಬೇರೆ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಹೀಗಾಗಿ ಸಿದ್ದನಗೌಡರ ಕಥೆ ನಮ್ಮ ಮನೆಯ ಕಥೆಯೇ.

ಗದಗಿನ ಸುತ್ತಿನದು ಎರೆಭೂಮಿ. ಜೋಳ, ಗೋದಿ, ಕುಸುಬಿಯ ಜೊತೆಗೆ ಹತ್ತಿ ಅಲ್ಲಿಯ ಮುಖ್ಯ ಬೆಳೆ. ಸಿದ್ದನಗೌಡರು ಕೂಸಾಗಿದ್ದ ದಿನಗಳಲ್ಲಿಯೇ ಸರಕಾರದವರು ಅಮೇರಿಕೆಯ ಹತ್ತಿ ಬೀಜ ತಂದು ಧಾರವಾಡ ಸೀಮೆಯಲ್ಲಿ ಬಿತ್ತಿಸಿ ನೋಡಿದ್ದರು. ಅದು ಇಲ್ಲಿಯ ಮಣ್ಣಿಗೆ ಹೊಂದಿಕೊಂಡು ಧಾರವಾಡ ಅಮೇರಿಕನ್ ಎಂಬ ಹೆಸರಿನಿಂದ ಪೇಟೆಯಲ್ಲಿ ಓಡತೊಡಗಿತು.

1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಒಳಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾಯಿತು. ಅದರಿಂದ ನಮ್ಮ ಕಡೆಯ ಹತ್ತಿಗೆ ಎಂದೂ ಕಾಣದ ಧಾರಣೆ ಬಂತು. ಕೈತುಂಬ ಹಣ ಬಂದಾಗ ಖರ್ಚೂ ಏರಿತು, ಸಾಹುಕಾರರು ಸಾಲವನ್ನೂ ಧಾರಾಳವಾಗಿ ಕೊಟ್ಟರು. ಯುದ್ಧ ಮುಗಿಯಿತು, ಧಾರಣೆ ಬಿತ್ತು, ಸಾಲ ಮಾತ್ರ ನಿಂತಲ್ಲೇ ನಿಂತು ಬೆಳೆಯಿತು. ಆಗ ಸಿದ್ದನಗೌಡರಿಗೆ ಇಪ್ಪತ್ತೆರಡರ ಪ್ರಾಯ.

ಅವರಿಗೆ ಮೂವತ್ತಮೂರು ವರ್ಷವಾದಾಗ, 1876ರಲ್ಲಿ, ಧಾತು ಸಂವತ್ಸರದ ಬರ ಬಿತ್ತು. ಮರುವರ್ಷ ಈಶ್ವರ ಸಂವತ್ಸರದಲ್ಲಿಯೂ ಅದು ಬಿಡಲಿಲ್ಲ. ದಕ್ಷಿಣ ಹಿಂದುಸ್ತಾನದಲ್ಲಿ ಲಕ್ಷಗಟ್ಟಲೆ ಜನ, ದನಕರು ಸತ್ತ ಬರ ಅದು. ಹೊಲದಲ್ಲಿ ಏನೂ ಬೆಳೆಯದ ವರ್ಷ ಒಕ್ಕಲಿಗೆ ಬೇಕಾಗುವುದು ಮೂರು: ಹೊಟ್ಟೆಗೆ ಕಾಳು, ಮುಂದಿನ ವರ್ಷಕ್ಕೆ ಬೀಜ, ಸತ್ತ ಎತ್ತಿನ ಬದಲಿಗೆ ಎತ್ತು. ಮೂರನ್ನೂ ಸಾಲ ಮಾಡಿಯೇ ತರಬೇಕು. ಶತಮಾನದ ಕೊನೆಗೆ, 1899-1900ರಲ್ಲಿ, ಮತ್ತೊಂದು ದೊಡ್ಡ ಬರ ಬಂತು. ಒಬ್ಬನೇ ಮನುಷ್ಯನ ಬಾಳಿನಲ್ಲಿ ಹತ್ತಿಯ ಬಂಗಾರದ ದಿನಗಳು, ಅವುಗಳ ಕುಸಿತ, ಎರಡು ಮಹಾ ಬರಗಳು, ಇಷ್ಟೂ ಆಗಿಹೋದವು. ಮಧ್ಯದಲ್ಲಿ 1884ರಲ್ಲಿ ಗದಗಿಗೆ ರೈಲು ಬಂದು ಹತ್ತಿಯ ವ್ಯಾಪಾರ ಬೆಳೆಯಿತು. ಆದರೆ ರೈಲು ಹತ್ತಿಯನ್ನು ಒಯ್ದಿತೇ ಹೊರತು ಒಕ್ಕಲಿಗನ ಸಾಲವನ್ನು ಒಯ್ಯಲಿಲ್ಲ.

ತಗಾವಿ ಇದ್ದರೂ ಸಾಹುಕಾರನೇ ಗತಿ

ಸರಕಾರ ಏನೂ ಕೊಡುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕೊಡುತ್ತಿತ್ತು. ನಿಮ್ಮ ಅಜ್ಜ ಮುತ್ತಜ್ಜರ ಬಾಯಲ್ಲಿ ತಗಾವಿ ಎಂಬ ಮಾತು ಕೇಳಿರಬಹುದು. ಬಾವಿ, ಒಡ್ಡುಗಳಂಥ ಭೂಸುಧಾರಣೆಗೆ 1883ರಲ್ಲಿ ಒಂದು ಕಾಯದೆ, ಬೀಜ ಮತ್ತು ಎತ್ತುಗಳಿಗಾಗಿ 1884ರಲ್ಲಿ ಇನ್ನೊಂದು ಕಾಯದೆ ಬಂದವು. ಈ ಎರಡರ ಮೇಲೆ ಸರಕಾರ ರೈತರಿಗೆ ನೇರವಾಗಿ ಸಾಲ ಕೊಡುತ್ತಿತ್ತು. ಬಡ್ಡಿಯೂ ಸಾಹುಕಾರರ ಬಡ್ಡಿಗಿಂತ ಕಡಿಮೆ.

ಆದರೂ ತಗಾವಿ ಹಳ್ಳಿಯನ್ನು ಹಿಡಿಯಲಿಲ್ಲ. ಅದಕ್ಕೆ ಕಾರಣಗಳು ಇಂದಿಗೂ ನಮಗೆ ಪರಿಚಯದವೇ. ಅರ್ಜಿ ಬರೆಸಬೇಕು, ತಾಲೂಕಿನ ಊರಿಗೆ ಅಲೆಯಬೇಕು, ಚೌಕಶಿ ಮುಗಿಯುವ ತನಕ ಕಾಯಬೇಕು. ಹದ ಕಾಯುವುದಿಲ್ಲ, ಕಚೇರಿ ಕಾಯಿಸುತ್ತದೆ. ವಸೂಲಿ ಬಂತೆಂದರೆ ಕಂದಾಯದ ಬಾಕಿಯಂತೆಯೇ ಬಿಗಿ. ಸಾಹುಕಾರನಾದರೋ ಊರಲ್ಲೇ ಇರುತ್ತಾನೆ, ರಾತ್ರಿ ಬಾಗಿಲು ಬಡಿದರೂ ದುಡ್ಡು ಕೊಡುತ್ತಾನೆ. ಬಡ್ಡಿಯ ಮಾತು ಆಮೇಲೆ. ರೂಪಾಯಿಗೆ ತಿಂಗಳಿಗೆ ಅರ್ಧ ಆಣೆ ಎಂದರೆ ಕೇಳಲು ಹಗುರ. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ಆರು ಆಣೆ, ಅಂದರೆ ನೂರಕ್ಕೆ ಮೂವತ್ತೇಳೂವರೆ ರೂಪಾಯಿ.

1875ರಲ್ಲಿ ಪುಣೆ, ಅಹಮದನಗರ ಕಡೆಯ ಒಕ್ಕಲು ಜನ ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಆಗ ಸರಕಾರಕ್ಕೆ ಎಚ್ಚರವಾಯಿತು. ಸಾಲಗಾರ ರೈತರ ರಕ್ಷಣೆಗೆಂದು 1879ರಲ್ಲಿ ಒಂದು ಕಾಯದೆ ಬಂತು. ಆದರೆ ಸಾಹುಕಾರನ ಕೈ ಕಟ್ಟಿದ ಮಾತ್ರಕ್ಕೆ ರೈತನ ಕೈಗೆ ಬಿತ್ತುವ ಬೀಜ ಬರುವುದಿಲ್ಲ. ಅವನ ಬದಲಿಗೆ ಸಾಲ ಕೊಡುವವರು ಯಾರಾದರೂ ಊರಲ್ಲೇ ಬೇಕು.

1904ರ ಕಾಯದೆಯ ಒಳಗುಟ್ಟು

ಹೀಗೆ ಹುಡುಕುವಾಗ ಕಣ್ಣಿಗೆ ಬಿದ್ದದ್ದು ಜರ್ಮನಿಯ ಹಳ್ಳಿಗಳ ಒಂದು ಪದ್ಧತಿ. ಅಲ್ಲಿ ರೈಫೈಸನ್ ಎಂಬ ಒಬ್ಬ ಊರ ಮುಖ್ಯಸ್ಥರು ರೈತರನ್ನು ಒಟ್ಟುಗೂಡಿಸಿ, ಅವರದೇ ಸಾಲದ ಸಂಘಗಳನ್ನು ಕಟ್ಟಿದ್ದರು. ಮದ್ರಾಸಿನ ಅಧಿಕಾರಿ ನಿಕಲ್ಸನ್ ಅವರು ಇಂಥ ಸಂಘಗಳನ್ನು ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ವರದಿ ಕೊಟ್ಟರು. 1901ರಲ್ಲಿ ಒಂದು ಸಮಿತಿ ಕುಳಿತಿತು. 1904ರ ಮಾರ್ಚ್ 25ರಂದು ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂತು.

ಈ ಕಾಯದೆಯ ನಿಯಮಗಳನ್ನು ಸ್ವಲ್ಪ ಗಮನಕೊಟ್ಟು ಓದಿರಿ. ಒಂದೇ ಊರಿನ ಅಥವಾ ಹತ್ತಿರದ ಊರುಗಳ ಹತ್ತು ಮಂದಿ ವಯಸ್ಕರು ಕೂಡಿದರೆ ಸಂಘ ಮಾಡಬಹುದು. ಹಳ್ಳಿಯ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲುತನದವರೇ ಇರಬೇಕು. ಸಾಲ ಸದಸ್ಯರಿಗೆ ಮಾತ್ರ. ಹಳ್ಳಿಯ ಸಂಘದ ಹೊಣೆಗೆ ಮಿತಿ ಇಲ್ಲ. ಅಂದರೆ ಸಂಘ ಮುಳುಗಿದರೆ ಒಬ್ಬ ಸದಸ್ಯ ತನ್ನ ಷೇರಿನ ಹಣವನ್ನಷ್ಟೇ ಅಲ್ಲ, ತನ್ನ ಆಸ್ತಿಯನ್ನೂ ಕೊಟ್ಟು ಸಂಘದ ಸಾಲ ತೀರಿಸಬೇಕು. ಲೆಕ್ಕಪತ್ರ ತಪಾಸಣೆ ಸರಕಾರದ ಹೊಣೆ.

ಇನ್ನು ಹಣದ ಮಾತು. ಹೊಸ ಸಂಘಕ್ಕೆ ಸರಕಾರ ಕೊಡುವ ಸಾಲಕ್ಕೆ ಒಂದು ಕಟ್ಟು ಇತ್ತು. ಸದಸ್ಯರು ತಾವು ಎಷ್ಟು ಠೇವಣಿ ಇಡುತ್ತಾರೋ ಅಷ್ಟೇ ಮೊತ್ತವನ್ನು ಸರಕಾರ ಕೊಡುತ್ತದೆ, ಅದೂ 2000 ರೂಪಾಯಿ ಮೀರದಂತೆ. ಮೊದಲ ಮೂರು ವರ್ಷ ಬಡ್ಡಿ ಇಲ್ಲ. ಆಮೇಲೆ ನೂರಕ್ಕೆ ನಾಲ್ಕರ ಬಡ್ಡಿ, ಹತ್ತು ವರ್ಷದ ಕಂತು.

ಊರಿನವರು ಮುನ್ನೂರು ರೂಪಾಯಿ ಕೂಡಿಸಿದರೆ ಸರಕಾರದ್ದು ಮುನ್ನೂರು, ಏನೂ ಕೂಡಿಸದಿದ್ದರೆ ಏನೂ ಇಲ್ಲ. ಬಿಟ್ಟಿ ಬಡ್ಡಿಯ ಸರಕಾರಿ ದುಡ್ಡು ನಮ್ಮ ಹಳ್ಳಿಗೆ ಬಂದದ್ದು ಇತ್ತೀಚೆಗೆ ಎಂದು ನಾವು ತಿಳಿದಿದ್ದೇವೆ. ಹಾಗಲ್ಲ, ಅದು ನೂರಿಪ್ಪತ್ತು ವರ್ಷದ ಹಿಂದೆಯೇ ಬಂತು. ಆದರೆ ಅಂದು ಅದು ಊರಿನ ರೂಪಾಯಿಯನ್ನು ಜೊತೆಗೆ ಕೇಳಿತು.

ಅರವತ್ತೆರಡರ ವಯಸ್ಸಿನಲ್ಲಿ

ಕಾಯದೆ ಪುಸ್ತಕದಲ್ಲಿ ಇರುವುದು ಬೇರೆ, ಊರಲ್ಲಿ ಅದನ್ನು ನಿಲ್ಲಿಸುವುದು ಬೇರೆ. 1905ರಲ್ಲಿ ಸಿದ್ದನಗೌಡರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿ ನೋಂದಣಿ ಮಾಡಿಸಿದರು. ಹೊಸ ಕಾಯದೆಯ ಪ್ರಕಾರ ನಿಂತ ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂದು ಅದು ಹೆಸರಾಯಿತು. ಆಗ ಗೌಡರಿಗೆ ಅರವತ್ತೆರಡು ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಹಿರಿಯರು ಮಕ್ಕಳಿಗೆ ಒಕ್ಕಲುತನ ಒಪ್ಪಿಸಿ ಕಟ್ಟೆಯ ಮೇಲೆ ಕೂಡ್ರುತ್ತಾರೆ. ಇವರು ಊರಿಗೊಂದು ಹೊಸ ಹೊಣೆ ತಂದರು.

ಆ ಹೊಣೆ ಎಂಥದು ನೋಡಿ. ಮಿತಿಯಿಲ್ಲದ ಹೊಣೆಯ ಸಂಘದಲ್ಲಿ ಹೆಚ್ಚು ಆಸ್ತಿ ಇದ್ದವನಿಗೇ ಹೆಚ್ಚು ಅಪಾಯ. ಬಡವನ ಸಾಲ ಮುಳುಗಿದರೆ ಕಳೆದುಕೊಳ್ಳುವುದಕ್ಕೆ ಅವನ ಹತ್ತಿರ ಏನೂ ಇಲ್ಲ, ಗೌಡನ ಹತ್ತಿರ ಹೊಲ ಮನೆ ಇರುತ್ತದೆ. ಅಂಥ ಸಂಘಕ್ಕೆ ಗೌಡಕಿಯ ಮನೆತನದ ಹಿರಿಯರು ಮುಂದೆ ನಿಂತರು ಎಂದರೆ ಊರಿನವರಿಗೆ ಅದಕ್ಕಿಂತ ದೊಡ್ಡ ಜಾಮೀನು ಬೇರೆ ಬೇಕಿರಲಿಲ್ಲ. ಸರಕಾರದ ಆಜ್ಞಾಪತ್ರದಿಂದ ಹುಟ್ಟದ ನಂಬಿಗೆ ಅದು.

ಅಂದಿನ ಸಂಘಗಳಲ್ಲಿ ಸಾಲ ಕೊಡುವ ರೀತಿಯೂ ತಿಳಿಯತಕ್ಕದ್ದು. ಮುಖ್ಯವಾಗಿ ನೋಡುತ್ತಿದ್ದುದು ಆಸಾಮಿಯ ನಡತೆ, ಅವನ ದುಡಿಮೆ, ಅವನಿಗೆ ಜಾಮೀನು ನಿಲ್ಲುವ ನೆರೆಹೊರೆಯವರು. ಯಾರ ಎತ್ತು ಸತ್ತಿದೆ, ಯಾರು ನಿಜವಾಗಿ ಬೀಜಕ್ಕೆ ಕೇಳುತ್ತಿದ್ದಾರೆ, ಯಾರು ಮದುವೆಯ ಮೆರವಣಿಗೆಗೆ ಕೇಳುತ್ತಿದ್ದಾರೆ ಎಂಬುದು ಊರಿನವರಿಗೆ ಗೊತ್ತು. ತಾಲೂಕಿನ ಕಚೇರಿಗೆ ತಿಂಗಳುಗಟ್ಟಲೆ ಚೌಕಶಿ ಮಾಡಿದರೂ ತಿಳಿಯದ ಸಂಗತಿ ಊರಿನ ಪಂಚರಿಗೆ ಒಂದು ಸಂಜೆಯಲ್ಲಿ ತಿಳಿಯುತ್ತಿತ್ತು. ಒಬ್ಬ ಕಟ್ಟದಿದ್ದರೆ ಎಲ್ಲರ ಆಸ್ತಿಗೂ ಬರುತ್ತದೆ ಎಂದಾಗ ಎಲ್ಲರೂ ಕಾವಲುಗಾರರೇ. ತಗಾವಿ ಸೋತಲ್ಲಿ ಸಂಘ ಗೆದ್ದದ್ದಕ್ಕೆ ಕಾರಣ ಇದು.

ಬೆಳೆ ಬಂತು, ರೋಗವೂ ಬಂತು

ಸಿದ್ದನಗೌಡರು ದೀರ್ಘಾಯುಷಿ. ತಾವು ಬಿತ್ತಿದ್ದು ಬೆಳೆದದ್ದನ್ನು ಕಣ್ಣಾರೆ ಕಂಡರು. 1912ರ ಹೊತ್ತಿಗೆ ದೇಶದಲ್ಲಿ 8 ಸಾವಿರಕ್ಕೂ ಹೆಚ್ಚು ಸಂಘಗಳು, 4 ಲಕ್ಷದಷ್ಟು ಸದಸ್ಯರು ಆಗಿದ್ದರು. ಆ ವರ್ಷ ಇನ್ನೊಂದು ಕಾಯದೆ ಬಂದು, ಸಾಲದ ಜೊತೆಗೆ ಮಾರಾಟ ಮುಂತಾದ ಕೆಲಸಗಳಿಗೂ ಸಂಘ ಮಾಡಲು, ಸಂಘಗಳೇ ಕೂಡಿ ಬ್ಯಾಂಕು ಕಟ್ಟಲು ದಾರಿಯಾಯಿತು. ಹುಬ್ಬಳ್ಳಿ, ಗದಗುಗಳಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘಗಳು ಹುಟ್ಟಿದವು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕ್ ಸ್ಥಾಪನೆಯಾಯಿತು. ನೀವೆಲ್ಲ ಕೆ.ಸಿ.ಸಿ. ಬ್ಯಾಂಕ್ ಎಂದು ಕರೆಯುವುದು ಅದನ್ನೇ. ಹಾನಗಲ್ಲ, ಹಿರೇಕೆರೂರ ಕಡೆಯ ಸೊಸಾಯಿಟಿಗಳಿಗೂ ದುಡ್ಡು ಹರಿದು ಬಂದದ್ದು ಅದರ ಕಾಲುವೆಯಿಂದ.

ಆದರೆ ಬೆಳೆಗೆ ರೋಗ ಬರುವುದನ್ನೂ ಅವರು ಕಾಣಬೇಕಾಯಿತು. 1929ರಿಂದ ಲೋಕದಲ್ಲೆಲ್ಲ ಧಾರಣೆ ಕುಸಿಯಿತು. ಹತ್ತಿ, ಕಾಳುಕಡಿಗಳ ಬೆಲೆ ನೆಲ ಕಚ್ಚಿತು. ಬೆಲೆ ಇದ್ದಾಗ ಮಾಡಿದ ಸಾಲವನ್ನು ಬೆಲೆ ಇಲ್ಲದಾಗ ತೀರಿಸುವುದು ಹೇಗೆ? ದೇಶದ ತುಂಬ ಸಂಘಗಳಲ್ಲಿ ಕಟಬಾಕಿ ಬೆಳೆಯಿತು, ಎಷ್ಟೋ ಸಂಘಗಳು ಬಾಗಿಲು ಹಾಕಿದವು. ಆ ಕಷ್ಟದ ದಿನಗಳ ನಡುವೆಯೇ, 1933ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಸಿದ್ದನಗೌಡರು ತೀರಿಕೊಂಡರು.

ಅವರ ನಂತರದ ಲೆಕ್ಕವನ್ನೂ ಮುಚ್ಚಿಡದೆ ಹೇಳಬೇಕು. ರಿಜರ್ವ್ ಬ್ಯಾಂಕು 1951-52ರಲ್ಲಿ ದೇಶದ ಹಳ್ಳಿಗಳಲ್ಲಿ ಸಾಲದ ಸಮೀಕ್ಷೆ ಮಾಡಿಸಿತು. ವರದಿ 1954ರಲ್ಲಿ ಹೊರಬಿತ್ತು. ರೈತ ಮಾಡಿದ ನೂರು ರೂಪಾಯಿ ಸಾಲದಲ್ಲಿ ಸಂಘಗಳಿಂದ ಬಂದದ್ದು ಬರೀ ಮೂರು ರೂಪಾಯಿ ಚಿಲ್ಲರೆ. ಸರಕಾರದ್ದೂ ಅಷ್ಟೇ. ಎಪ್ಪತ್ತು ರೂಪಾಯಿಯಷ್ಟು ಸಾಹುಕಾರರದೇ. ಅರ್ಧ ಶತಮಾನದ ದುಡಿಮೆಗೆ ಇದು ಸಣ್ಣ ಫಲ. ಆ ಮೇಲೆ ಸರಕಾರ ತಾನೇ ಸಂಘಗಳಲ್ಲಿ ಷೇರು ಹಿಡಿಯಿತು, ಮೇಲಿನಿಂದ ಹಣ ಹರಿಸಿತು. 1982ರಲ್ಲಿ ನಬಾರ್ಡ್ ಬಂತು. ಸಾಲ ಸಿಗುವ ರೈತರ ಸಂಖ್ಯೆ ಬೆಳೆಯಿತು, ಇದು ನಿಜವಾದ ಲಾಭ. ಆದರೆ ಊರಿನ ರೂಪಾಯಿ ಮೊದಲು ಎಂಬ ಹಳೆಯ ಕಟ್ಟು ಸಡಿಲಾಯಿತು. ಸಂಘದ ದುಡ್ಡು ನಮ್ಮದು ಎಂಬ ಭಾವನೆಯ ಜಾಗದಲ್ಲಿ ಅದು ಸರಕಾರದ್ದು ಎಂಬ ಭಾವನೆ ಬಂತು. ಸರಕಾರದ್ದು ಎಂದ ಮೇಲೆ ಕಾಯುವವರು ಯಾರು?

ಇಂದು ನಮಗೆ ಇದರಿಂದ ಏನು?

ಈಗ ನಮ್ಮ ಕಾಲಕ್ಕೆ ಬರೋಣ. ಕರ್ನಾಟಕದಲ್ಲಿ ಸಹಕಾರಿ ಸಂಘಗಳ ಮೂಲಕ ರೈತರಿಗೆ ಬಡ್ಡಿಯಿಲ್ಲದ ಅಲ್ಪಾವಧಿ ಸಾಲ ಇದೆ. ಅದರ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಬಡ್ಡಿ ಇಲ್ಲ ಎಂದರೆ ಬಡ್ಡಿ ಮಾಯವಾಯಿತು ಎಂದಲ್ಲ. ನಿಮ್ಮ ಬದಲಿಗೆ ಸರಕಾರ ಸೊಸಾಯಿಟಿಗೆ ಅದನ್ನು ತುಂಬಿಕೊಡುತ್ತದೆ. ಇದೇ ನಿಮಗೆ ಸಿಗುವ ಸಹಾಯಧನ. ಆದರೆ ಒಂದು ಷರತ್ತು: ವಾಯಿದೆಯೊಳಗೆ ಅಸಲು ಕಟ್ಟಿರಬೇಕು. ವಾಯಿದೆ ದಾಟಿದರೆ ಆ ರಿಯಾಯತಿ ತಪ್ಪುತ್ತದೆ, ಬಡ್ಡಿ ನಿಮ್ಮ ತಲೆಯ ಮೇಲೆ ಬರುತ್ತದೆ.

ಹಾನಗಲ್ಲ ಸೀಮೆಯ ಭತ್ತದ ಗದ್ದೆಗಳಲ್ಲಿ, ಹಿರೇಕೆರೂರ, ಶಿಗ್ಗಾಂವಿ ಕಡೆಯ ಗೋವಿನಜೋಳ, ಹತ್ತಿಯ ಹೊಲಗಳಲ್ಲಿ ಓಡಾಡುವಾಗ ನಾನು ಅನೇಕ ಸಲ ಕೇಳುವ ಮಾತು ಒಂದುಂಟು. ಹೇಗೂ ಸಾಲ ಮನ್ನಾ ಆಗುತ್ತದೆ, ಈಗೇಕೆ ಕಟ್ಟಬೇಕು ಎಂಬುದು. ಬರ ಬಿದ್ದಾಗ, ಬೆಳೆ ಹೋದಾಗ ಮನ್ನಾ ಬೇಡ ಎಂದು ನಾನು ಹೇಳುವುದಿಲ್ಲ. ಧಾತು ಈಶ್ವರ ಬರಗಳ ಕಥೆ ಮೇಲೆಯೇ ಹೇಳಿದ್ದೇನೆ. ಆದರೆ ಕೈಯಲ್ಲಿ ದುಡ್ಡಿದ್ದವರೂ ಹಾಗೆ ಕಾದು ಕುಳಿತರೆ ಆಗುವುದೇನು? ಕಟಬಾಕಿ ಬೆಳೆದಂತೆ ಸೊಸಾಯಿಟಿಗೆ ಮೇಲಿನಿಂದ ಬರುವ ಹಣದ ತೂಬು ಕಿರಿದಾಗುತ್ತದೆ. ಆಗ ವಾಯಿದೆಗೆ ಸರಿಯಾಗಿ ಕಟ್ಟಿದ ನೆರೆಯವನಿಗೂ ಹೊಸ ಸಾಲ ಸಿಗುವುದಿಲ್ಲ. ಹೊಸ ಸದಸ್ಯನಾಗಲು ಬಂದ ಸಣ್ಣ ರೈತನಿಗೆ ಹಣವಿಲ್ಲ ಎಂಬ ಉತ್ತರ ಸಿಗುತ್ತದೆ. ಮಿತಿಯಿಲ್ಲದ ಹೊಣೆ ಊರಿನ ಬಾಳಿನಲ್ಲಿ ಈಗಲೂ ಇದೆ. ಒಬ್ಬನ ಬಾಕಿ ಎಲ್ಲರ ಬಾಗಿಲಿಗೆ ಬರುತ್ತದೆ.

ಇನ್ನೊಂದು ಕಡೆಯಿಂದಲೂ ಸಿದ್ದನಗೌಡರ ಸಂಘ ನಮಗೆ ಪಾಠ ಹೇಳುತ್ತದೆ. ಅಂದು ಸಂಘ ಆಸಾಮಿಯನ್ನು ನೋಡಿ ಸಾಲ ಕೊಡುತ್ತಿತ್ತು. ಇಂದು ಸಹಾಯಧನ, ಬೆಳೆ ಸಾಲ, ವರ್ಷಕ್ಕೆ ಮೂರು ಕಂತಿನಲ್ಲಿ 6000 ರೂಪಾಯಿ ಕೊಡುವ ಪಿ.ಎಂ. ಕಿಸಾನ್ ಹಣ, ಎಲ್ಲವೂ ಉತಾರದಲ್ಲಿ ಯಾರ ಹೆಸರಿದೆಯೋ ಅವರನ್ನು ಹಿಡಿದು ಹೋಗುತ್ತವೆ. ಲಾವಣಿ ಹಿಡಿದು ಅಥವಾ ಪಾಲಿಗೆ ಮಾಡುವವನು ಬೆವರು ಸುರಿಸಿದರೂ ಲೆಕ್ಕದಲ್ಲಿ ಇಲ್ಲ. ಗಂಡ ತೀರಿದ ಮೇಲೆ ಹೊಲ ನಡೆಸುವ ತಾಯಿಯ ಹೆಸರು ಖಾತೆಗೆ ಏರದಿದ್ದರೆ ಅವಳೂ ಇಲ್ಲ. ಇಂಥವರು ಊರಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಗಣಕಯಂತ್ರಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು. ವಾರಸಾ ಮಾಡಿಸುವುದಕ್ಕೆ, ಸ್ವಸಹಾಯ ಗುಂಪಿಗೆ ಸೇರಿಸುವುದಕ್ಕೆ ನೀವು ಕೈ ಹಿಡಿದರೆ ಅದೇ ಸಿದ್ದನಗೌಡರಿಗೆ ಹಾಕುವ ಹಾರ.

ಆದ್ದರಿಂದ ಈ ವಾಚನಾಲಯದಲ್ಲಿ ಕುಳಿತು ಓದುತ್ತಿರುವ ನೀವು ಮಾಡಬೇಕಾದ ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಒಂದು, ನಿಮ್ಮ ಸೊಸಾಯಿಟಿಯಲ್ಲಿ ನಿಮ್ಮ ಹೆಸರಿನ ಷೇರು ಎಷ್ಟಿದೆ ಎಂದು ಪುಸ್ತಕ ತೆಗೆಸಿ ನೋಡಿರಿ. ತಂದೆಯ ಹೆಸರಲ್ಲೇ ಉಳಿದಿದ್ದರೆ ನಿಮ್ಮ ಹೆಸರಿಗೆ ಮಾಡಿಸಿರಿ. ಎರಡು, ಸಾಲದ ವಾಯಿದೆಯ ತಾರೀಖನ್ನು ಮನೆಯ ತೂಗುಪಂಚಾಂಗದಲ್ಲಿ ಗುರುತು ಹಾಕಿರಿ, ಒಂದು ದಿನ ಮೊದಲೇ ಕಟ್ಟಿ ಪಾವತಿ ಪಡೆಯಿರಿ. ಮೂರು, ಉತಾರ, ಆಧಾರ, ಬ್ಯಾಂಕಿನ ಖಾತೆ ಈ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ, ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ ಸರಿಪಡಿಸಿಕೊಳ್ಳಿರಿ. ನಾಲ್ಕು, ವರ್ಷಕ್ಕೊಮ್ಮೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕಾದ ಸರ್ವಸಾಧಾರಣ ಸಭೆಗೆ ತಪ್ಪದೆ ಹೋಗಿರಿ. ಚಹಾ ಕುಡಿದು ಸಹಿ ಮಾಡಿ ಬರಬೇಡಿರಿ. ಲೆಕ್ಕ ತಪಾಸಣೆಯ ವರದಿ ಓದಿಸಿರಿ, ಕಟಬಾಕಿ ಎಷ್ಟು, ದೊಡ್ಡ ಬಾಕಿದಾರರು ಯಾರು ಎಂದು ಕೇಳಿರಿ. ಐದು, ಸಾಲ ಪಡೆಯುವ ಸೊಸಾಯಿಟಿಯಲ್ಲಿಯೇ ಸುಗ್ಗಿಯಲ್ಲಿ ಸ್ವಲ್ಪವಾದರೂ ಠೇವಣಿ ಇಡಿರಿ. ನಿಮ್ಮ ದುಡ್ಡು ಒಳಗಿದ್ದಾಗ ನಿಮ್ಮ ಕಣ್ಣೂ ಒಳಗಿರುತ್ತದೆ.

ಸರಕಾರದ ಸಹಾಯ ಮಳೆಯ ನೀರಿನ ಹಾಗೆ, ಬರುವಾಗ ಬರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಒಡ್ಡನ್ನು ಊರಿನವರೇ ಹಾಕಬೇಕು. ಕಣಗಿನಹಾಳದ ಹಿರಿಯರು ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ ಅಂಥದೊಂದು ಒಡ್ಡು ಹಾಕಿ ತೋರಿಸಿದರು. ಅದು ಒಡೆಯದಂತೆ ಮಣ್ಣು ಹಾಕುತ್ತಿರುವ ಕೆಲಸ ನಿಮ್ಮದು.